ರಾಗಿ ಬೀಜ ಎತ್ತಿಡಬಹುದು, ಟೊಮೆಟೊ ಬೀಜ ಯಾಕೆ ಆಗಲ್ಲ?

ಕೋಲಾರದ ಕಡೆ ರಾಗಿ ಕೊಯ್ಲಾದ ಮೇಲೆ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಎತ್ತಿಡುವುದುಂಟು. ಮುಂದಿನ ಮಳೆಗೆ ಅದನ್ನೇ ಬಿತ್ತುತ್ತಾರೆ, ಅದೇ ರಾಗಿ ಬರುತ್ತದೆ. ಆದರೆ ಹೈಬ್ರಿಡ್ ಟೊಮೆಟೊಗೆ ಪ್ರತಿ ಬೆಳೆಗೂ ದುಡ್ಡು ಕೊಟ್ಟು ಹೊಸ ಬೀಜವನ್ನೋ ನರ್ಸರಿಯ ಸಸಿಯನ್ನೋ ತರಬೇಕು. ಶ್ರೀನಿವಾಸಪುರದ ಮಾವಿನ ತೋಪಿಗೋ ಕಸಿ ಗಿಡವೇ ಆಗಬೇಕು. ಇದು ಯಾಕೆ ಹೀಗೆ?

ಉತ್ತರ ಹೈಸ್ಕೂಲಿನ ಅನುವಂಶೀಯತೆಯ ಪಾಠದಲ್ಲೇ ಇದೆ. ಮಕ್ಕಳು ಅದನ್ನು ಪರೀಕ್ಷೆಗೆ ಸುಮ್ನೆ ಬಾಯಿಪಾಠ ಮಾಡಿ ಮರೆತುಬಿಡುತ್ತಾರಲ್ಲ, ನನಗೆ ಅದೇ ಬೇಸರ.

ಗಿಡದ ಜೀವಕೋಶಗಳಲ್ಲಿ ಗುಣಗಳನ್ನು ತೀರ್ಮಾನಿಸುವ ಜೀನ್‌ಗಳು ಜೋಡಿಯಾಗಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ಪರಾಗ ಕೊಟ್ಟ ತಂದೆಯಿಂದ. ಟೊಮೆಟೊದಲ್ಲಿ ಕೆಂಪು ಹಣ್ಣಿನ ಜೀನ್ ಪ್ರಬಲ, ಹಳದಿಯದು ದುರ್ಬಲ. ಜೋಡಿಯಲ್ಲಿ ಒಂದು ಕೆಂಪು, ಒಂದು ಹಳದಿ ಇದ್ದರೂ ಹಣ್ಣು ಕೆಂಪೇ. ಹಳದಿ ಅಡಗಿರುತ್ತದೆ, ಅಳಿದಿರುವುದಿಲ್ಲ. ಅಂಥ ಗಿಡದ ಬೀಜ ಬಿತ್ತಿದರೆ ಸುಮಾರು ನಾಲ್ಕರಲ್ಲಿ ಒಂದು ಗಿಡ ಹಳದಿ ಹಣ್ಣು ಬಿಡುತ್ತದೆ. ಗ್ರೆಗರ್ ಮೆಂಡೆಲ್ ಬಟಾಣಿಯಲ್ಲಿ ಕಂಡದ್ದೂ ಇದನ್ನೇ. 1866ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆತ ಎರಡನೇ ಪೀಳಿಗೆಯ 7,324 ಕಾಳು ಎಣಿಸಿದ್ದ. ಪ್ರಬಲ ಗುಣದ ದುಂಡು ಕಾಳು 5,474, ದುರ್ಬಲ ಗುಣದ ಸುಕ್ಕು ಕಾಳು 1,850. ಹತ್ತಿರ ಹತ್ತಿರ 3:1.

ಈಗ ಹೈಬ್ರಿಡ್‌ಗೆ ಬನ್ನಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ಮೂರು ರೋಗ ತಡೆಯುತ್ತದೆ: ಎಲೆ ಮುರುಟು, ಸೊರಗು, ಅಂಗಮಾರಿ. ಇಂಥ ಹೈಬ್ರಿಡ್‌ನ ಅಪ್ಪ ಅಮ್ಮ ಬೇರೆ ಬೇರೆ ತಳಿಯವು. ಹಾಗಾಗಿ ಅದರ ಎಷ್ಟೋ ಜೋಡಿಗಳಲ್ಲಿ ಎರಡು ಜೀನ್ ಎರಡು ಥರ. ಲೆಕ್ಕ ಸುಲಭವಾಗಲಿ ಅಂತ, ಒಂದೊಂದು ರೋಗಕ್ಕೆ ಒಂದೊಂದು ಪ್ರಬಲ ಜೀನ್, ಮೂರೂ ಜೋಡಿ ಬೆರಕೆ ಎಂದುಕೊಳ್ಳಿ. ಹೈಬ್ರಿಡ್ ಗಿಡ ಮೂರು ರೋಗವನ್ನೂ ತಡೆಯುತ್ತದೆ. ಅದರ ಬೀಜ ಎತ್ತಿಟ್ಟು ಬಿತ್ತಿದರೆ? ಯಾವುದೇ ಒಂದು ರೋಗ ತಡೆಯುವ ಗಿಡಗಳು ನಾಲ್ಕರಲ್ಲಿ ಮೂರು. ಮೂರನ್ನೂ ತಡೆಯುವವು ಮುಕ್ಕಾಲರ ಮುಕ್ಕಾಲರ ಮುಕ್ಕಾಲು, ಅಂದರೆ 64ರಲ್ಲಿ 27 ಮಾತ್ರ. ಅರ್ಧಕ್ಕಿಂತ ಜಾಸ್ತಿ ಗಿಡಗಳು ಒಂದಲ್ಲ ಒಂದು ರೋಗಕ್ಕೆ ಬಾಗಿಲು ತೆರೆದಿರುತ್ತವೆ. ಹಣ್ಣಿನ ಗಾತ್ರ, ಗಟ್ಟಿತನ, ಮಾಗುವ ಕಾಲವೂ ಹೀಗೇ ಚೆಲ್ಲಾಪಿಲ್ಲಿ. ಕೋಲಾರದ ಮಾರುಕಟ್ಟೆಗೆ ಒಂದೇ ಸಮನಾದ ಹಣ್ಣು ತುಂಬಬೇಕಾದವರಿಗೆ ಇದು ನಷ್ಟದ ದಾರಿಯೇ ಅಲ್ವಾ?

ರಾಗಿಯ ಕತೆ ಬೇರೆ. ಅದರ ಹೂವು ಹೆಚ್ಚುಕಡಿಮೆ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗೆ ಕಟ್ಟಿದಾಗಲೆಲ್ಲ ಬೆರಕೆ ಜೋಡಿಗಳು ಅರ್ಧಕ್ಕೆ ಇಳಿಯುತ್ತವೆ: ಅರ್ಧ, ಕಾಲು, ಅರೆಕಾಲು. ಏಳು ಪೀಳಿಗೆಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡೂ ಜೀನ್ ಒಂದೇ ಆದಮೇಲೆ ಹಂಚಿಹೋಗಲು ಏನಿದೆ? ಟೊಮೆಟೊ ಹೂವೂ ಬಹುಮಟ್ಟಿಗೆ ಹೀಗೇ ಕಾಯಿ ಕಟ್ಟುವಂಥದ್ದು. ಅದಕ್ಕೇ ಹೈಬ್ರಿಡ್ ಅಲ್ಲದ ನಾಟಿ ಟೊಮೆಟೊ ಬೀಜವನ್ನು ಧೈರ್ಯವಾಗಿ ಎತ್ತಿಡಬಹುದು.

ಮಾವು ಪರಾಗಕ್ಕೆ ನೊಣ, ಜೇನನ್ನು ನಂಬಿದ ಮರ. ಅದರ ಜೋಡಿಗಳು ಭಾರಿ ಬೆರಕೆ. ಬಾದಾಮಿ ತಿಂದು ವಾಟೆ ನೆಟ್ಟರೆ ಬಾದಾಮಿಯೇ ಬರುತ್ತದೆಂದು ಹೇಳಲಾಗದು. ನೀಲಂ ಮಾವಿಗೆ ದಶೇರಿ ಮಾವಿನ ಪರಾಗ ಹಾಕಿ ಪಡೆದ ಮಲ್ಲಿಕಾ ತಳಿ ಅಂಥ ಒಂದು ಸಸಿಯ ಅದೃಷ್ಟ. ಇವತ್ತು ಇರುವ ಮಲ್ಲಿಕಾ ಕಸಿ ಗಿಡಗಳೆಲ್ಲ ಆ ಒಂದೇ ಮರದ ಕೊಂಬೆಯ ಮುಂದುವರಿಕೆ. ಬೇರು ಮಾತ್ರ ಯಾವುದೋ ವಾಟೆ ಗಿಡದ್ದು. ಆದ್ದರಿಂದ ಕಸಿಯ ಗಂಟಿನ ಕೆಳಗೆ ಚಿಗುರು ಕಂಡರೆ ಚಿವುಟಿಬಿಡಿ, ಅದು ಮಲ್ಲಿಕಾ ಅಲ್ಲ.