ಸ್ನೇಹ ಮುರಿದ ಮೇಲೆ ಕೈಗೊಂದು ಕೆಲಸ

ಮನೆಯಲ್ಲಿ ಸಾವಾದರೆ ಮುಂದಿನ 13 ದಿನ ಏನು ಮಾಡಬೇಕೆಂದು ಹೇಳುವವರಿರುತ್ತಾರೆ. ನೆಂಟರು ಬಂದು ಕೂರುತ್ತಾರೆ, ಆಫೀಸಿನಲ್ಲಿ ರಜೆ ಸಿಗುತ್ತದೆ, ವೈಕುಂಠ ಸಮಾರಾಧನೆಯ ಊಟದ ಹೊತ್ತಿಗೆ ಒಂದು ಗೆರೆ ಬಿದ್ದಿರುತ್ತದೆ. ಹತ್ತು ವರ್ಷದ ಸ್ನೇಹ ಹೋದರೆ ಇದ್ಯಾವುದೂ ಇಲ್ಲ. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಿದ್ದಿರುತ್ತದೆ, ಉತ್ತರ ಬರುವುದಿಲ್ಲ. ಯಾರಿಗಾದರೂ ಹೇಳಿಕೊಂಡರೆ ‘ಅಯ್ಯೋ, ಅಷ್ಟಕ್ಕೇನಾ, ಬೇರೆ ಫ್ರೆಂಡ್ಸ್ ಸಿಗ್ತಾರೆ ಬಿಡು’ ಎನ್ನುತ್ತಾರೆ. ಸುತ್ತಲಿನವರು ದುಃಖವೆಂದೇ ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ದುಃಖ ಅಧ್ಯಯನಕಾರ ಕೆನೆತ್ ಡೋಕಾ 1989ರಲ್ಲೇ ವಿವರವಾಗಿ ಬರೆದಿದ್ದಾರೆ. ವ್ಯಕ್ತಿ ಬದುಕಿದ್ದೂ ನಮ್ಮ ಪಾಲಿಗೆ ಇಲ್ಲದಿರುವ ಸ್ಥಿತಿಯನ್ನು ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ‘ಅಸ್ಪಷ್ಟ ನಷ್ಟ’ ಎಂದು ಕರೆದರು. ಆ ಗೆಳತಿ ಜಯನಗರದಲ್ಲೇ ಇದ್ದಾಳೆ, ಈಗಷ್ಟೇ ಆನ್‌ಲೈನ್ ಬಂದಿದ್ದಳು. ಮುಗಿಯಿತೆಂದು ಮನಸ್ಸು ಹೇಗೆ ನಂಬೀತು?

ನಂಬಲಾಗದ್ದಕ್ಕೇ ಅದು ಕೊನೆಯ ಮಾತುಕತೆಯನ್ನು ನೂರು ಸಲ ತಿರುವಿ ಹಾಕುತ್ತದೆ. ಆ ತಿರುವಿಗೆ ಅಂಚೆಂಬುದಿಲ್ಲ. ಕಾಗದಕ್ಕೆ ನಾಲ್ಕು ಅಂಚುಗಳಿವೆ, ಕೂರುವ ಹೊತ್ತಿಗೂ ಅಂಚು ಹಾಕಬಹುದು. ಈ ನಷ್ಟದಲ್ಲಿ ಕಲೆ ಕೊಡುವ ಮೊದಲ ಸಹಾಯ ಅದು. ಕೈ ಪಳಗಿರಬೇಕೆಂದಿಲ್ಲ. ಕಲಾ ಚಿಕಿತ್ಸೆಯ ಸಂಶೋಧಕಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಮಣ್ಣು, ಕೊಲಾಜ್, ಮಾರ್ಕರ್‌ಗಳಲ್ಲಿ ತಮಗೆ ತೋಚಿದ್ದನ್ನು ಮಾಡಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕಲೆಯ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಹಾಗಾಗಿ ಇದನ್ನು ಔಷಧಿ ಎನ್ನಲಾಗದು, ಆದರೆ ‘ನನಗೆ ಚಿತ್ರ ಬರೆಯೋಕೆ ಬರಲ್ಲ’ ಎನ್ನುವವರು ಧೈರ್ಯವಾಗಿ ಕೂರಬಹುದು.

ಯಾವ ಸಾಮಗ್ರಿ ಹಿಡಿಯುತ್ತೀರಿ ಎಂಬುದು ಮಾತ್ರ ಮುಖ್ಯ. ಹೆಚ್ಚಿನವರು ಎಡವುವುದು ಇಲ್ಲೇ. ‘ಮನಸ್ಸು ಹಗುರಾಗಲಿ’ ಎಂದು ಮೊದಲ ದಿನವೇ ಜಲವರ್ಣ ತಂದುಕೊಳ್ಳುತ್ತಾರೆ. ನೀರಿನ ಬಣ್ಣ ಕೈಯ ಹಿಡಿತಕ್ಕೆ ಸಿಗದೆ ಹರಡುತ್ತದೆ; ಅಳು ತಡೆಯಲಾಗದ ಸ್ಥಿತಿಯಲ್ಲಿ ಅದು ಇನ್ನಷ್ಟು ಕಲಕಿಬಿಡುತ್ತದೆ. ಪೆನ್ಸಿಲ್, ಕ್ರೇಯಾನ್, ಕತ್ತರಿಸಿ ಅಂಟಿಸುವ ಕಾಗದ ಇವೆಲ್ಲ ಹಿಡಿತ ಕೊಡುವ ಸಾಮಗ್ರಿಗಳು. ಗಾಯ ಹಸಿಯಾಗಿರುವ ಮೊದಲ ಕೆಲವು ವಾರಕ್ಕೆ ಇವು ಸಾಕು. ಚುಕ್ಕಿ ರಂಗೋಲಿಯೂ ಇದೇ ಜಾತಿಯದು: ಏಳು ಸಾಲು, ಸಾಲಿಗೆ ಏಳು ಚುಕ್ಕಿ ಇಟ್ಟರೆ ಮುಂದಿನ ಗೆರೆ ಎಲ್ಲಿಗೆ ಹೋಗಬೇಕೆಂದು ಚುಕ್ಕಿಯೇ ಹೇಳುತ್ತದೆ. ಅಳು ಬಾರದೆ ಎಲ್ಲ ಮರಗಟ್ಟಿದಂತಿರುವವರಿಗೆ ಮಾತ್ರ ಜಲವರ್ಣ ಬೇಗ ಒಗ್ಗಬಹುದು. ಅವರು 300 ಜಿಎಸ್‌ಎಂನ ದಪ್ಪ ಕಾಗದ ತರಲಿ, ತೆಳು ಹಾಳೆ ನೀರು ಕುಡಿದು ಸುರುಳಿಯಾಗುತ್ತದೆ. ಉಳಿದವರಿಗೆ 12 ಬಣ್ಣದ ಆಯಿಲ್ ಪೇಸ್ಟಲ್, ಒಂದು 2ಬಿ ಪೆನ್ಸಿಲ್, ಹತ್ತು ಎ3 ಡ್ರಾಯಿಂಗ್ ಶೀಟ್ ಸಾಕು. ಅವೆನ್ಯೂ ರೋಡಿನಲ್ಲಿ ಒಂದೇ ಸುತ್ತಿಗೆ ಎಲ್ಲ ಸಿಗುತ್ತವೆ.

ಮೊದಲ ಚಿತ್ರಕ್ಕೆ ಎ3 ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಮೂರು ಚೌಕ ಹಾಕಿ, ಒಂದೊಂದೂ ಸುಮಾರು 12 ಸೆಂ.ಮೀ. ಇರಲಿ. ಮೊದಲನೆಯದು ಸ್ನೇಹ ಗಟ್ಟಿಯಿದ್ದ ಕಾಲ, ಎರಡನೆಯದು ಬಿರುಕು ಕಾಣಿಸಿದ ಕಾಲ, ಮೂರನೆಯದು ಇವತ್ತು. ಪ್ರತಿ ಚೌಕದಲ್ಲೂ ನಿಮಗೊಂದು ಆಕಾರ, ಅವರಿಗೊಂದು ಆಕಾರ. ಮುಖ ಬರೆಯಬೇಡಿ. ಮುಖ ಬರೆಯಲು ಹೊರಟರೆ ಹೋಲಿಕೆ ಬರಲಿಲ್ಲವೆಂಬ ಕೊರಗು ಒಂದು ಕಡೆ, ಹೋಲಿಕೆ ಬಂದುಬಿಟ್ಟರೆ ಅದನ್ನೇ ನೋಡುತ್ತ ಕೂರುವುದು ಇನ್ನೊಂದು ಕಡೆ. ಬರೆಯುವಾಗ ಎರಡನೆಯ ಚೌಕದಿಂದ ಶುರು ಮಾಡಿ. ಮೂರನೆಯದನ್ನೇ ಮೊದಲು ಹಿಡಿದವರು ಕಪ್ಪು ಬಳಿದು ಎದ್ದುಬಿಡುವುದು ಸಾಮಾನ್ಯ. 30 ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಟ್ಟು, ಹೊಡೆದ ಕೂಡಲೇ ನಿಲ್ಲಿಸಿ, ಹಾಳೆಯ ಹಿಂದೆ ಕಂಡಿದ್ದನ್ನಷ್ಟೇ ಮೂರು ಸಾಲಲ್ಲಿ ಬರೆಯಿರಿ: ಯಾವ ಆಕಾರ ಚಿಕ್ಕದಾಯಿತು, ಯಾವುದು ಜರುಗಿತು, ನಡುವೆ ಏನಿದೆ. ಜರುಗಿದ್ದು ತಮ್ಮ ಆಕಾರವೇ ಎಂದು ಗೊತ್ತಾಗಿ ಸುಮ್ಮನಾಗುವವರೂ ಇದ್ದಾರೆ. ಕಪ್ಪು ಬಳಸಿದರೆ ಖಿನ್ನತೆ, ಕೆಂಪು ಬಳಸಿದರೆ ಸಿಟ್ಟು ಎಂಬ ಲೆಕ್ಕವನ್ನು ದಯವಿಟ್ಟು ನಂಬಬೇಡಿ. ಬಣ್ಣಕ್ಕೆ ಹಾಗೆ ಸ್ಥಿರವಾದ ಅರ್ಥವಿಲ್ಲ.

ಬೆಂಗಳೂರಿನಲ್ಲಿ ಸ್ನೇಹ ಜಾಗಗಳಿಗೂ ಅಂಟಿಕೊಂಡಿರುತ್ತದೆ. ಗಾಂಧಿ ಬಜಾರಿನ ಆ ಹೋಟೆಲು, ಲಾಲ್‌ಬಾಗಿನ ಬಂಡೆ, ಮೆಟ್ರೋ ಮೆಟ್ಟಿಲು, ಹಳೇ ಪಿಜಿಯ ಟೆರೇಸು. ಸ್ನೇಹ ಹೋದ ಮೇಲೆ ಈ ಜಾಗಗಳನ್ನು ತಪ್ಪಿಸಿಕೊಂಡು ಓಡಾಡುತ್ತ ಊರೇ ಚಿಕ್ಕದಾಗಿಬಿಡುತ್ತದೆ. ಇದಕ್ಕೊಂದು ನಕ್ಷೆ ಬರೆಯಿರಿ. ಗೂಗಲ್ ಮ್ಯಾಪ್ ನೋಡದೆ ನೆನಪಿನಿಂದಲೇ. ದೂರ ತಪ್ಪಾದರೂ ಚಿಂತೆಯಿಲ್ಲ. ಪ್ರತಿ ಜಾಗದ ಪಕ್ಕ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ ಹಾಕಿ. 3 ಅಥವಾ 4 ಬಿದ್ದ ಜಾಗಕ್ಕೆ ಪುಟ್ಟ ಪುಸ್ತಕ, ಪೆನ್ಸಿಲ್ ಹಿಡಿದು ಒಬ್ಬರೇ ಹೋಗಿ, 20 ನಿಮಿಷ ಕೂತು, ಕದಲದ ಒಂದು ವಸ್ತುವನ್ನು ಬರೆಯಿರಿ: ಮರದ ಬುಡ, ಕಲ್ಲುಬೆಂಚು, ಕಾಫಿ ಲೋಟ. ಎದೆ ಬಿಗಿದು ಎದ್ದು ಓಡೋಣ ಎನಿಸಿದಾಗಲೂ ಆ ಹೊತ್ತು ಮುಗಿಯಲಿ. ಸಂಕಟ ತುತ್ತತುದಿಯಲ್ಲಿದ್ದಾಗ ಎದ್ದು ಬಂದರೆ ಆ ಜಾಗ ಅಪಾಯ ಎಂದೇ ಮನಸ್ಸು ಕಲಿಯುತ್ತದೆ. ಕೂತಿದ್ದರೆ ತಾನಾಗಿ ಇಳಿಯುವುದನ್ನು ನೋಡುತ್ತದೆ. ಒಂದೇ ಜಾಗಕ್ಕೆ ಎರಡು ಮೂರು ಸಲ ಹೋಗಿ ಅಂಕಿ ಇಳಿದ ಮೇಲೆ ಮುಂದಿನದಕ್ಕೆ ಹೋಗಿ. 9, 10ರ ಜಾಗಗಳು ಕಾಯಲಿ. ಅವರು ಬರುವ ಹೊತ್ತಿಗೇ ಹೋಗಿ ಕೂರುವುದು ಮಾತ್ರ ಬೇಡ. ಕಣ್ಣು ಕಾಗದದ ಮೇಲಿರುವುದಿಲ್ಲ, ಬಾಗಿಲ ಮೇಲಿರುತ್ತದೆ.

ಬರೆದದ್ದನ್ನು ಸ್ಟೇಟಸ್‌ಗೆ ಹಾಕಲೇಬೇಡಿ. ಹಾಕಿದ ಕ್ಷಣದಿಂದ ಅದು ಅವರಿಗೆ ಕಳಿಸಿದ ಸಂದೇಶ; ಯಾರು ನೋಡಿದರು ಎಂದು ತೆಗೆದು ತೆಗೆದು ನೋಡುವ ಕೆಲಸ ಶುರು. ಫೋಟೋ ಕತ್ತರಿಸಿ ಕೊಲಾಜ್ ಮಾಡುವುದಾದರೆ ಜೆರಾಕ್ಸ್ ಮಾಡಿಸಿಕೊಂಡು ಅದನ್ನು ಕತ್ತರಿಸಿ. ಸಿಟ್ಟಿನಲ್ಲಿ ಹರಿದ ಮೂಲ ಪ್ರತಿಗೆ ಆರು ತಿಂಗಳ ಮೇಲೆ ಅಳುವವರಿದ್ದಾರೆ.

ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ, ಚಿತ್ರ ಬರೆದ ಪ್ರತಿ ಸಲವೂ ಮನಸ್ಸು ಇನ್ನಷ್ಟು ಕುಸಿಯುತ್ತಿದ್ದರೆ ಚಿತ್ರವನ್ನು ಬದಿಗಿಟ್ಟು ವೈದ್ಯರನ್ನು ಕಾಣಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯುವಂತಿಲ್ಲ, ಅಂದೇ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಮಾಡುವ ಈ ಕೆಲಸ ತರಬೇತಾದ ಕಲಾ ಚಿಕಿತ್ಸಕರ ಜೊತೆ ಕೂರುವುದಕ್ಕೆ ಸಮವಲ್ಲ.

ಕೊನೆಯದು ಮಣ್ಣಿನ ಕೆಲಸ. ನಕ್ಷೆಯ ಅಂಕಿಗಳು ಇಳಿದ ಮೇಲೆ ಮಾಡಿ. ಪಾಟರಿ ಟೌನಿನ ಕುಂಬಾರರ ಹತ್ತಿರ ಅರ್ಧ ಕೆಜಿ ಜೇಡಿಮಣ್ಣು ತನ್ನಿ. ನಿಮ್ಮಿಬ್ಬರ ನಡುವೆ ಇದ್ದ ಒಂದು ವಸ್ತು ಮಾಡಿ, ಬೈಟು ಕಾಫಿಯ ಎರಡು ಲೋಟಗಳೇ ಆಗಲಿ. ಗೋಡೆ ಒಂದು ಸೆಂ.ಮೀ.ಗಿಂತ ದಪ್ಪ ಬೇಡ, ಬಿಸಿಲಿಗೂ ಇಡಬೇಡಿ. ಹೊರಗೆ ಬೇಗ ಒಣಗಿ, ಒಳಗೆ ಹಸಿ ಉಳಿದು ಬಿರಿಯುತ್ತದೆ. ನೆರಳಲ್ಲಿ ವಾರ, ಹತ್ತು ದಿನ ಇರಲಿ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗಿನ್ನೂ ಹಸಿಯಿದೆ. ಪೂರ್ತಿ ಒಣಗಿದ ಮೇಲೆ ಇಟ್ಟುಕೊಳ್ಳುವುದೋ ಕರಗಿಸುವುದೋ ನಿಮ್ಮ ಇಷ್ಟ. ಕರಗಿಸುವುದಾದರೆ ಅರ್ಧ ಬಕೆಟ್ ನೀರಿಗೆ ಬಿಟ್ಟು ಪಕ್ಕದಲ್ಲೇ ಕೂತು ನೋಡಿ. ಗುಳ್ಳೆ ಏಳುತ್ತ ಅಂಚು ಪದರಪದರವಾಗಿ ಉದುರಿ, ಸ್ವಲ್ಪ ಹೊತ್ತಿನಲ್ಲೇ ಲೋಟ ಕೂತುಹೋಗುತ್ತದೆ. ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಮಾರನೆಯ ದಿನ ಮೇಲಿನ ತಿಳಿ ಬಸಿದು, ಕೆಸರನ್ನು ಹಳೇ ಬಟ್ಟೆಯ ಮೇಲೆ ಹರಡಿ ನಾದಿದರೆ ಮಣ್ಣು ಮತ್ತೆ ಕೆಲಸಕ್ಕೆ ಬರುತ್ತದೆ. ಅವಸರಪಟ್ಟು ಹಸಿಯಾಗಿರುವಾಗಲೇ ಹಾಕಿದ ಲೋಟ ಮಾತ್ರ ಮೇಲೆ ಲೋಳೆಯಾಗಿ ಒಳಗೆ ಉಂಡೆಯಾಗಿಯೇ ಉಳಿಯುತ್ತದೆ. ಅದನ್ನು ಎತ್ತಿ, ಇನ್ನೊಂದು ವಾರ ಒಣಗಲು ಬಿಡಿ.