ಮ್ಯಾನೇಜರನ್ನು ದಾಟಿ ಮಾಲೀಕರಿಗೇ ಫೋನ್ ಹೋದಾಗ

ಬಾಡಿಗೆದಾರರು ನೇರವಾಗಿ ಮಾಲೀಕರಿಗೇ ಫೋನ್ ಮಾಡಿದರು ಎಂದು ಗೊತ್ತಾದರೆ, ಮಾಲೀಕರ ಪರವಾಗಿ ಬಾಡಿಗೆ ಮನೆ ನೋಡಿಕೊಳ್ಳುವ ಮ್ಯಾನೇಜರ್‌ಗೆ ಸಿಟ್ಟು ಬರುವುದು ಸಹಜ. ಆದರೆ ಮೊದಲು ದೂರಿನ ದಾಖಲೆ ತೆಗೆದು ಎರಡು ಸಮಯ ನೋಡಬೇಕು: ದೂರು ಬಂದದ್ದು ಯಾವಾಗ, ಮೊದಲ ಉತ್ತರ ಹೋದದ್ದು ಯಾವಾಗ? ನಡುವೆ ಎರಡು ದಿನ ಕಳೆದಿದ್ದರೆ ಬಾಡಿಗೆದಾರರ ಮೇಲೆ ತಪ್ಪು ಹೊರಿಸುವಂತಿಲ್ಲ. ರಿಪೇರಿ ತಡವಾದರೆ ಜನ ಹೇಗೋ ಸಹಿಸಿಕೊಳ್ಳುತ್ತಾರೆ, ಉತ್ತರವೇ ಬಾರದಿದ್ದರೆ ಸಹಿಸುವುದಿಲ್ಲ. ‘ಗೀಸರ್ ಕಾಯಿಲ್ ಗುರುವಾರ ಸಿಗುತ್ತೆ, ಶುಕ್ರವಾರ 11ಕ್ಕೆ ಎಲೆಕ್ಟ್ರಿಷಿಯನ್ ಬರ್ತಾರೆ’ ಎಂಬ ಒಂದು ಸಾಲಿಗೆ ಎಷ್ಟೋ ಫೋನ್‌ಗಳು ನಿಲ್ಲುತ್ತವೆ.

ಇನ್ನೊಂದು ಕಾರಣವನ್ನು ಮ್ಯಾನೇಜರ್‌ಗಳೇ ತಂದುಕೊಳ್ಳುತ್ತಾರೆ. ಇಲ್ಲ ಎನ್ನುವುದು ಕಷ್ಟವಾದಾಗ ‘ಓನರ್ ಒಪ್ತಿಲ್ಲ’ ಎಂದು ಜಾರಿಕೊಳ್ಳುವುದು. ಎಷ್ಟೋ ಸಲ ಮಾಲೀಕರನ್ನು ಕೇಳಿಯೇ ಇರುವುದಿಲ್ಲ. ಹಾಗೆಂದ ಮೇಲೆ ಬಾಡಿಗೆದಾರರು ಓನರ್‌ನನ್ನೇ ಒಪ್ಪಿಸಲು ಹೊರಡದೆ ಇನ್ನೇನು ಮಾಡುತ್ತಾರೆ? ‘ಇದು ನನ್ನ ತೀರ್ಮಾನ, ಅಗ್ರಿಮೆಂಟಿನ ಈ ಷರತ್ತಿನ ಪ್ರಕಾರ’ ಎಂದು ಬರೆದು ಕಳಿಸುವುದೇ ಮೇಲು.

ಮೂರನೆಯದು ಮಾಲೀಕರ ಕಡೆಯ ಕಾರಣ. ನಲ್ಲಿಯ ವಾಷರ್‌ಗೂ ಅನುಮತಿ ಕೇಳಬೇಕೆಂದರೆ, ನಿರ್ಧಾರ ಎಲ್ಲಿ ಆಗುತ್ತದೆಂಬುದು ಬಾಡಿಗೆದಾರರಿಗೆ ಎರಡೇ ರಿಪೇರಿಯಲ್ಲಿ ಗೊತ್ತಾಗುತ್ತದೆ. ಕೇಳದೆ ಎಷ್ಟು ಮೊತ್ತದವರೆಗೆ ಖರ್ಚು ಮಾಡಬಹುದು, ನೀರು, ಗ್ಯಾಸ್, ಕರೆಂಟಿನ ತುರ್ತಿಗೆ ಆ ಮಿತಿ ಅನ್ವಯವೇ, ಮಾಲೀಕರು ಫೋನಿಗೆ ಸಿಗದಿದ್ದರೆ ಯಾರ ಒಪ್ಪಿಗೆ ಸಾಕು, ಇವು ಮ್ಯಾನೇಜರ್ ಜೊತೆಗಿನ ಒಪ್ಪಂದದಲ್ಲೇ ಇರಬೇಕು.

ಕಾರಣ ಯಾವುದೇ ಇರಲಿ, ಅಭ್ಯಾಸ ಬೇರೂರುವುದು ಮಾಲೀಕರು ಮೊದಲ ಫೋನಿಗೇ ‘ಆಯ್ತು’ ಅಂದಾಗ. ಉದಾಹರಣೆಗೆ, ಬಾಡಿಗೆ ಕಟ್ಟಬೇಕಾದದ್ದು 5ನೇ ತಾರೀಖಿಗೆ. ಬಾಡಿಗೆದಾರರು 15ರವರೆಗೆ ಸಮಯ ಕೇಳುತ್ತಾರೆ, ಮಾಲೀಕರು ಹೂಂ ಅನ್ನುತ್ತಾರೆ, ಮ್ಯಾನೇಜರ್‌ಗೆ ಹೇಳಲು ಮರೆಯುತ್ತಾರೆ. 6ಕ್ಕೆ ದಂಡದ ನೋಟಿಸ್ ಹೋಗುತ್ತದೆ. ನೋಟಿಸ್ ಹಿಂದಕ್ಕೆ ಪಡೆದರೆ ಮ್ಯಾನೇಜರ್ ಮಾತಿಗೆ ಬೆಲೆ ಇಲ್ಲ, ಪಡೆಯದಿದ್ದರೆ ಮಾಲೀಕರ ಮಾತಿಗೆ ಬೆಲೆ ಇಲ್ಲ. ಬಾಡಿಗೆಯನ್ನೇ ಮಾಲೀಕರ ಕೈಗೆ ಕೊಟ್ಟರಂತೂ ಲೆಕ್ಕದಲ್ಲಿ ಬಾಕಿ ಉಳಿಯುತ್ತದೆ, ನಿಜದಲ್ಲಿ ಬಾಕಿ ಇರುವುದಿಲ್ಲ. ಹಾಗೇನಾದರೂ ತೆಗೆದುಕೊಂಡರೆ ಮೊತ್ತ, ತಾರೀಖು, ಯಾವ ತಿಂಗಳದ್ದು ಎಂಬ ಮೂರನ್ನೂ ಅದೇ ದಿನ ಮ್ಯಾನೇಜರ್‌ಗೆ ಬರೆದು ತಿಳಿಸಿ, ರಸೀದಿ ಕೊಡಿಸಬೇಕು.

ರಿಪೇರಿಯಲ್ಲಿ ಆಗುವ ಗೊಂದಲ ಇನ್ನೂ ದುಬಾರಿ. ಸಿಂಕ್ ಕೆಳಗೆ ನೀರು ನಿಲ್ಲುತ್ತಿದೆ, ಮ್ಯಾನೇಜರ್ ಸೋಮವಾರಕ್ಕೆ ಪ್ಲಂಬರ್‌ನನ್ನು ಗೊತ್ತು ಮಾಡಿದ್ದಾರೆ ಅಂದುಕೊಳ್ಳಿ. ಭಾನುವಾರ ಮಾಲೀಕರು ತಮಗೆ ಗೊತ್ತಿರುವವನನ್ನು ಕಳಿಸುತ್ತಾರೆ. ಅವನು ವೇಸ್ಟ್ ಪೈಪ್ ಬಿಚ್ಚಿ ವಾಷರ್ ಬದಲಿಸಿ ಹೋಗುತ್ತಾನೆ. ನಿಜಕ್ಕೂ ಸೋರುತ್ತಿದ್ದುದು ಆಂಗಲ್ ವಾಲ್ವ್, ಅಂದರೆ ಗೋಡೆಯ ಪೈಪಿನಿಂದ ನಲ್ಲಿಗೆ ನೀರು ಬಿಡುವ ಪುಟ್ಟ ವಾಲ್ವ್. ಸೋಮವಾರ ಬಂದವನು ವಾಲ್ವ್ ಹಾಕುತ್ತಾನೆ, ಆದರೆ ಬೇರೆಯವರು ಕೈ ಹಾಕಿದ ಜಾಗಕ್ಕೆ ತಾನು ಜವಾಬ್ದಾರನಲ್ಲ ಅನ್ನುತ್ತಾನೆ. ಬಿಲ್ ಎರಡು, ಗ್ಯಾರಂಟಿ ಒಂದೂ ಇಲ್ಲ.

ಬಾಯಿಮಾತಿನ ಅನುಮತಿಗಳ ಪೆಟ್ಟು ಮನೆ ಖಾಲಿ ಮಾಡುವಾಗ ಬೀಳುತ್ತದೆ. ಗೋಡೆಗೆ ಡ್ರಿಲ್ ಹಾಕಲು, ಬಣ್ಣ ಬದಲಿಸಲು, ನಾಯಿ ಸಾಕಲು ಮಾಲೀಕರು ಎಂದೋ ಸರಿ ಅಂದಿರುತ್ತಾರೆ. ಮ್ಯಾನೇಜರ್ ಕೈಯಲ್ಲಿರುವುದು ಬಾಡಿಗೆದಾರರು ಬಂದ ದಿನ ಮನೆ ಹೇಗಿತ್ತು ಎಂಬ ಪಟ್ಟಿ ಮತ್ತು ಫೋಟೊ ಮಾತ್ರ. ಅದರಂತೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ, ಜಗಳ ಶುರು.

ಹಾಗಂತ ಮಾಲೀಕರು ಫೋನ್ ಎತ್ತದೇ ಇರುವುದು ಪರಿಹಾರವಲ್ಲ. ಎತ್ತಿ, ಪೂರ್ತಿ ಕೇಳಿ, ಇಷ್ಟು ಹೇಳಿದರೆ ಸಾಕು: ‘ವಿಷಯ ತಿಳೀತು. ಈಗಲೇ ಮ್ಯಾನೇಜರ್‌ಗೆ ಕಳಿಸ್ತೀನಿ. ನಾಳೆ ಸಂಜೆಯೊಳಗೆ ಅವರೇ ನಿಮಗೆ ಹೇಳ್ತಾರೆ.’ ಹೌದು, ಇಲ್ಲ ಎರಡೂ ಬೇಡ. ಫೋನ್ ಇಟ್ಟ ಕೂಡಲೇ ಮೆಸೇಜ್ ದಾಟಿಸಬೇಕು. ಸಂಜೆ ನೋಡಿದರಾಯಿತು ಎಂದರೆ ಮರೆತಂತೆಯೇ. ನಾಳೆ ಉತ್ತರ ಹೋಗದಿದ್ದರೆ ಮಾಲೀಕರು ತರಾಟೆಗೆ ತೆಗೆದುಕೊಳ್ಳಬೇಕಾದದ್ದು ಮ್ಯಾನೇಜರನ್ನು, ಅದೂ ಬಾಡಿಗೆದಾರರ ಎದುರಿಗಲ್ಲ.

ಜೊತೆಗೆ ಒಂದು ಅಧಿಕೃತ ದಾರಿಯನ್ನೂ ತೆರೆದಿಡಿ: ಬರೆದು ಕೊಟ್ಟ ದೂರಿಗೆ ಏಳು ದಿನದೊಳಗೆ ಉತ್ತರ ಸಿಗದಿದ್ದರೆ ಮಾಲೀಕರಿಗೆ ಬರೆಯಬಹುದು, ಪ್ರತಿ ಮ್ಯಾನೇಜರ್‌ಗೂ ಹೋಗಲಿ. ತುರ್ತಿಗೆ ಈ ಏಳು ದಿನದ ಲೆಕ್ಕವಿಲ್ಲ. ತಿಂಗಳ ವರದಿಯಲ್ಲಿ ಬಾಕಿ ದೂರುಗಳನ್ನೂ ಅವು ಎಷ್ಟು ದಿನದಿಂದ ಬಾಕಿ ಎಂಬುದನ್ನೂ ಮ್ಯಾನೇಜರ್ ತಾವಾಗಿಯೇ ತೋರಿಸಿದರೆ, ಮಾಲೀಕರು ಬಾಡಿಗೆದಾರರ ಬಾಯಿಂದ ಮೊದಲ ಸಲ ಕೇಳಿ ತಬ್ಬಿಬ್ಬಾಗುವುದು ತಪ್ಪುತ್ತದೆ.

ಕೆಲವು ವಿಷಯಕ್ಕೆ ಬಾಡಿಗೆದಾರರು ನೇರವಾಗಿ ಮಾಲೀಕರ ಬಳಿಗೇ ಹೋಗಬೇಕು. ಮ್ಯಾನೇಜರ್ ರಸೀದಿಯಿಲ್ಲದೆ ಹಣ ಕೇಳಿದರೆ, ಹೇಳದೆ ಕೇಳದೆ ಮನೆಯೊಳಗೆ ಬಂದರೆ, ದೂರು ಅವರ ನಡವಳಿಕೆಯ ಮೇಲೆಯೇ ಇದ್ದರೆ. ‘ನಾನು ಹೊಸ ಮ್ಯಾನೇಜರ್, ಬಾಡಿಗೆ ಇನ್ನು ಈ ಖಾತೆಗೆ ಹಾಕಿ’ ಎಂಬ ಮೆಸೇಜ್ ಬಂದರಂತೂ, ಮೊದಲಿನಿಂದ ತಮ್ಮ ಬಳಿ ಇರುವ ನಂಬರಿಗೇ ಮಾಲೀಕರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಹಾಕಬಾರದು. ಮ್ಯಾನೇಜರ್ ಬದಲಾದಾಗ ಮಾಲೀಕರು ತಾವೇ ಸಹಿ ಮಾಡಿದ ಪತ್ರ ಕೊಡುವುದು ಇದಕ್ಕಾಗಿ.

ಮಾಲೀಕರೂ ಅದೇ ಕಟ್ಟಡದಲ್ಲಿದ್ದರೆ ಇದೆಲ್ಲ ಕಷ್ಟವೇ. ಮೆಟ್ಟಿಲ ಮೇಲೆ ಎದುರಾದವರು ಕೇಳದೆ ಬಿಡುವುದಿಲ್ಲ. ಆಗಲೂ ‘ಬನ್ನಿ, ಒಂದು ಸಲ ನೋಡಿಬಿಡಿ’ ಎಂಬ ಮಾತಿಗೆ ಒಳಗೆ ಹೋಗಬೇಡಿ. ಕಣ್ಣಾರೆ ಕಂಡ ಮೇಲೆ ‘ನನ್ನ ಗಮನಕ್ಕೆ ಬಂದಿರಲಿಲ್ಲ’ ಎನ್ನಲಾಗದು. ಅಲ್ಲೇ ನಿಂತು, ಅವರ ಫೋನಿನಿಂದಲೇ ಮ್ಯಾನೇಜರ್‌ಗೆ ಮೆಸೇಜ್ ಹಾಕಿಸಿ.