ಪದ ಪರಿಚಯ: ಕಡ್ಡಾಯ ಮೈಕ್ರೋಚಿಪ್ ಅಳವಡಿಕೆ

ಮೈಯೊಳಗೆ ಚಿಪ್ ಹಾಕಿಸಿಕೊಳ್ಳಲೇಬೇಕು ಅಂತ ಸರ್ಕಾರವೋ, ಕೆಲಸ ಕೊಡುವ ಕಂಪನಿಯೋ ಹೇಳಿ, ಒಲ್ಲೆ ಅಂದವರಿಗೆ ತೊಂದರೆಯಾಗುವ ಹಾಗೆ ಮಾಡಿದರೆ ಅದು ಕಡ್ಡಾಯ ಮೈಕ್ರೋಚಿಪ್ ಅಳವಡಿಕೆ. ತನ್ನ ಇಡೀ ಜನರಿಗೆ ಇದನ್ನು ಕಡ್ಡಾಯ ಮಾಡಿದ ದೇಶ ಈವರೆಗೆ ಒಂದೂ ಇಲ್ಲ. ಆದರೂ ಅಮೆರಿಕದ ಹಲವು ರಾಜ್ಯಗಳಲ್ಲಿ ಇದರ ವಿರುದ್ಧ ಕಾನೂನುಗಳಿವೆ. ನಡೆಯದೇ ಇರುವುದಕ್ಕೆ ಕಾನೂನು ಯಾಕೆ ಬೇಕಾಯಿತು? ಇದನ್ನು ತಿಳಿಯದೆ ಈ ಮಾತು ಪೂರ್ತಿ ಅರ್ಥವಾಗುವುದಿಲ್ಲ.

ಮೊದಲು ಚಿಪ್ ಅಂದರೆ ಏನು ಅಂತ ನೋಡೋಣ. ಅಕ್ಕಿಕಾಳಿನಷ್ಟು ದೊಡ್ಡದಾದ ಗಾಜಿನ ಕೊಳವೆ. ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಒಳಗೆ ಒಂದು ಸಣ್ಣ ಚಿಪ್, ಸುತ್ತಿದ ತಂತಿಯ ಆಂಟೆನಾ. ಬ್ಯಾಟರಿ ಇಲ್ಲ. ರೀಡರ್ ಯಂತ್ರವನ್ನು ಹತ್ತಿರ ತಂದಾಗ ಅದರಿಂದ ಬರುವ ರೇಡಿಯೋ ಅಲೆಗಳಿಂದಲೇ ಚಿಪ್‌ಗೆ ಶಕ್ತಿ ಸಿಗುತ್ತದೆ, ಆಗ ಅದು ತನ್ನಲ್ಲಿರುವ ಸಂಖ್ಯೆಯನ್ನು ಹೇಳುತ್ತದೆ. ರೀಡರ್ ದೂರ ಹೋದರೆ ಅದು ಸುಮ್ಮನಾಗುತ್ತದೆ. ನಾಯಿಗಳಿಗೆ ಹಾಕುವುದು ಇದೇ ಬಗೆಯ ಚಿಪ್. ಮನುಷ್ಯರಿಗೆ ತೋಳಿನ ಹಿಂಭಾಗದಲ್ಲಿ, ಇಲ್ಲವೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಚರ್ಮದ ಕೆಳಗೆ ದಪ್ಪ ಸೂಜಿಯಿಂದ ತೂರಿಸುತ್ತಾರೆ.

ಅಂದರೆ ಇದು ನೀವು ಎಲ್ಲಿದ್ದೀರಿ ಅಂತ ಉಪಗ್ರಹಕ್ಕೆ ಹೇಳುವ ಸಾಧನ ಅಲ್ಲ. ಜಿಪಿಎಸ್‌ಗೆ ವಿದ್ಯುತ್ ಬೇಕು, ಗೊತ್ತಾದ ಜಾಗವನ್ನು ದೂರಕ್ಕೆ ಕಳಿಸಲು ಇನ್ನೂ ಜಾಸ್ತಿ ಬೇಕು. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಸಿಗುತ್ತದೆ ಅಂತ ವಾಟ್ಸಾಪ್ ತುಂಬಾ ಓಡಾಡಿತ್ತಲ್ವಾ, ಅದೂ ಇದೇ ತಪ್ಪು ತಿಳುವಳಿಕೆ. ಕೋವಿಡ್ ಲಸಿಕೆಯ ಸುದ್ದಿಯೂ ಹಾಗೆಯೇ. ಲಸಿಕೆಯ ಸಣ್ಣ ಸೂಜಿಯಲ್ಲಿ ಈ ಗಾಜಿನ ಕೊಳವೆ ಹಿಡಿಸುವುದೇ ಇಲ್ಲ. ಆದರೂ 2020ರ ಮೇ ತಿಂಗಳಲ್ಲಿ ಯಾಹೂ ನ್ಯೂಸ್ ಮತ್ತು ಯೂಗವ್ ಸೇರಿ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 28ರಷ್ಟು ಜನ, ಬಿಲ್ ಗೇಟ್ಸ್ ಲಸಿಕೆಯ ನೆಪದಲ್ಲಿ ಜನರ ಮೈಗೆ ಚಿಪ್ ಹಾಕಿಸಲು ನೋಡುತ್ತಿದ್ದಾರೆ ಎಂಬುದನ್ನು ನಿಜ ಅಂದರು.

ಇಷ್ಟೊಂದು ಜನ ಯಾಕೆ ನಂಬಿದರು? ಒಂದು ಕಾರಣ ಧರ್ಮದ್ದು. ಬೈಬಲ್ಲಿನ ಪ್ರಕಟನೆ ಗ್ರಂಥದ 13ನೇ ಅಧ್ಯಾಯದಲ್ಲಿ, ಬಲಗೈಯಲ್ಲೋ ಹಣೆಯಲ್ಲೋ ಮೃಗದ ಗುರುತು ಇಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎಂಬ ಮಾತಿದೆ. ಕೈಗೆ ಚಿಪ್ ಹಾಕಿಸಿಕೊಂಡು ಅದರಲ್ಲೇ ದುಡ್ಡು ಕಟ್ಟಬಹುದು ಅಂತ ಕೇಳಿದ ಕ್ರೈಸ್ತ ಭಕ್ತರಿಗೆ ಆ ಸಾಲು ನೆನಪಾಗುವುದು ಸಹಜ. ಇನ್ನೊಂದು ಕಾರಣ ಸರ್ಕಾರದ ಮೇಲಿನ ಅಪನಂಬಿಕೆ. ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನಿನಲ್ಲಿ ಎಲ್ಲರಿಗೂ ಚಿಪ್ ಹಾಕುವ ಕಲಂ ಇದೆ ಅಂತ 2010ರ ಹೊತ್ತಿಗೆ ಸುದ್ದಿ ಹಬ್ಬಿತು. ಹಿಂದಿನ ಒಂದು ಕರಡಿನಲ್ಲಿ ವೈದ್ಯಕೀಯ ಸಾಧನಗಳ ನೋಂದಣಿ ಪಟ್ಟಿಯ ಮಾತಿತ್ತು, ಅದನ್ನೇ ತಪ್ಪಾಗಿ ಓದಿಕೊಂಡಿದ್ದರು. ಪಾಸಾದ ಕಾನೂನಿನಲ್ಲಿ ಅಂಥ ಆದೇಶವೇ ಇರಲಿಲ್ಲ.

ಗಾಳಿಸುದ್ದಿ ಗಾಳಿಸುದ್ದಿಯೇ. ಆದರೆ ಇಷ್ಟು ಹೇಳಿ, ಹೆದರಿದವರನ್ನೆಲ್ಲ ದಡ್ಡರ ಪಟ್ಟಿಗೆ ಸೇರಿಸಿ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಯಾಕೆಂದರೆ ಈ ಹೆದರಿಕೆಯಲ್ಲಿ ನ್ಯಾಯವಾದ ಒಂದು ಭಾಗ ಇದೆ, ಅದಕ್ಕೆ ಉಪಗ್ರಹವೂ ಬೇಕಿಲ್ಲ, ಗೇಟ್ಸೂ ಬೇಕಿಲ್ಲ.

2004ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ವೆರಿಚಿಪ್ ಎಂಬ ಸಾಧನವನ್ನು ವೈದ್ಯಕೀಯ ಬಳಕೆಗೆ ಒಪ್ಪಿತು. ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದವರ ತೋಳಿನ ಚಿಪ್ ಓದಿ, ಅದರ 16 ಅಂಕಿಗಳ ಸಂಖ್ಯೆಯಿಂದ ಅವರ ವೈದ್ಯಕೀಯ ದಾಖಲೆ ತೆಗೆಯುವುದು ಉದ್ದೇಶ. ಚಿಪ್ ಮೈಯೊಳಗೆ ಜರುಗಬಹುದು, ಮಾಹಿತಿ ಕಳುವಾಗಬಹುದು, ಎಂಆರ್‌ಐಗೆ ತೊಂದರೆಯಾಗಬಹುದು ಅಂತ ಎಫ್‌ಡಿಎ ಆಗಲೇ ಎಚ್ಚರಿಸಿತ್ತು. 2006ರಲ್ಲಿ ಅದರ ಸಂಖ್ಯೆಯನ್ನು ನಕಲು ಮಾಡಬಹುದು ಅಂತ ತಂತ್ರಜ್ಞರು ತೋರಿಸಿಯೂ ಬಿಟ್ಟರು. 2010ರಲ್ಲಿ ಅದರ ಮಾರಾಟ ನಿಂತಿತು.

ಈ ಆರು ವರ್ಷಗಳಲ್ಲಿ ಚಿಪ್ ಹಾಕುವ ಮಾತು ಯಾರ ಕಡೆಗೆ ಹೋಯಿತು ಅನ್ನುವುದನ್ನು ಗಮನಿಸಬೇಕು. 2006ರಲ್ಲಿ ವೆರಿಚಿಪ್ ಕಂಪನಿಯ ಮುಖ್ಯಸ್ಥರು, ಹೊರದೇಶದಿಂದ ಬರುವ ವಲಸೆ ಕಾರ್ಮಿಕರನ್ನು ಗುರುತಿಸಲು ಚಿಪ್ ಬಳಸಬಹುದು ಅಂತ ಟಿವಿಯಲ್ಲಿ ಹೇಳಿದರು. 2007ರಲ್ಲಿ ಫ್ಲಾರಿಡಾದಲ್ಲಿ ಮರೆವಿನ ಕಾಯಿಲೆ ಇದ್ದ 200 ಜನರಿಗೆ ಹಾಕುವ ಯೋಜನೆ ಬಂತು. ತಾನು ಯಾರು ಅನ್ನುವುದೇ ಮರೆಯುತ್ತಿರುವ ಮನುಷ್ಯ ಯಾವುದಕ್ಕೆ ಒಪ್ಪಿದ, ಯಾವುದಕ್ಕೆ ಒಪ್ಪಲಿಲ್ಲ ಅಂತ ಹೇಗೆ ತಿಳಿಯುವುದು? ಇಂಡೊನೇಷ್ಯಾದ ಪಾಪುವಾ ಪ್ರಾಂತ್ಯದಲ್ಲಿ 2008ರಲ್ಲಿ, ಎಚ್‌ಐವಿ ಇರುವ ಕೆಲವರಿಗೆ ಚಿಪ್ ಹಾಕಬೇಕೆಂಬ ಪ್ರಸ್ತಾಪ ಶಾಸನಸಭೆಯವರೆಗೂ ಹೋಗಿ, ಜನ ಬೈದ ಮೇಲೆ ಬಿದ್ದುಹೋಯಿತು. ವಲಸಿಗರು, ಮರೆವಿನ ರೋಗಿಗಳು, ಎಚ್‌ಐವಿ ಇರುವವರು. ಒಲ್ಲೆ ಅನ್ನಲು ಬಲವಿಲ್ಲದವರ ಹತ್ತಿರವೇ ಇದು ಮೊದಲು ಬರುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದೇ.

ಈಗ ಕಾನೂನಿಗೆ ಬರೋಣ. 2006ರಲ್ಲಿ ವಿಸ್ಕಾನ್ಸಿನ್ ರಾಜ್ಯ, ಯಾರೂ ಇನ್ನೊಬ್ಬರಿಗೆ ಚಿಪ್ ಹಾಕಿಸಿಕೊಳ್ಳಲು ಕಡ್ಡಾಯ ಮಾಡುವಂತಿಲ್ಲ ಅಂತ ಕಾನೂನು ಮಾಡಿತು. ಅಮೆರಿಕದಲ್ಲಿ ಇದೇ ಮೊದಲನೆಯದು. ದಂಡ 10,000 ಡಾಲರ್‌ವರೆಗೆ, ತಪ್ಪು ಮುಂದುವರಿದರೆ ಪ್ರತಿ ದಿನಕ್ಕೂ ಬೇರೆ ದಂಡ. 2007ರಲ್ಲಿ ನಾರ್ತ್ ಡಕೋಟ, ಅದೇ ವರ್ಷ ಕ್ಯಾಲಿಫೋರ್ನಿಯಾ. ಆಮೇಲೆ ಇನ್ನೂ ಹಲವು ರಾಜ್ಯಗಳು ಸೇರಿಕೊಂಡವು, 2020ರಲ್ಲಿ ಇಂಡಿಯಾನಾ ಕೂಡ.

ಇವುಗಳಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ಓದಲೇಬೇಕಾದದ್ದು. ಬಲವಂತ ಅಂದರೆ ಏನು ಅಂತ ಅದು ಬಿಡಿಸಿ ಹೇಳುತ್ತದೆ. ಹೊಡೆದು ಬಡಿದು, ಹೆದರಿಸಿ ಹಾಕಿಸುವುದು ಬಲವಂತ ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಆದರೆ ಚಿಪ್‌ಗೆ ಒಪ್ಪಿದರೆ ಮಾತ್ರ ಕೆಲಸ, ಒಪ್ಪಿದರೆ ಮಾತ್ರ ಬಡ್ತಿ, ಒಪ್ಪಿದರೆ ಮಾತ್ರ ಸರ್ಕಾರಿ ಸವಲತ್ತು ಅಥವಾ ಆರೈಕೆ ಅಂತ ಷರತ್ತು ಹಾಕುವುದೂ ಬಲವಂತವೇ ಅನ್ನುತ್ತದೆ ಆ ಕಾನೂನು. ಇಷ್ಟವಿದ್ದರೆ ಹಾಕಿಸಿಕೊಳ್ಳಿ ಅಂತ ಕಾಗದದಲ್ಲಿ ಬರೆದು, ಹಾಕಿಸಿಕೊಳ್ಳದವರಿಗೆ ಸಂಬಳ ನಿಲ್ಲಿಸುವ ದಾರಿ ಅಲ್ಲಿ ಮುಚ್ಚಿದೆ.

ಹಾಗಂತ ಇಷ್ಟಪಟ್ಟು ಹಾಕಿಸಿಕೊಳ್ಳುವವರನ್ನು ವಿಸ್ಕಾನ್ಸಿನ್ ಆಗಲಿ, ಕ್ಯಾಲಿಫೋರ್ನಿಯಾ ಆಗಲಿ ತಡೆದಿಲ್ಲ. 2017ರ ಆಗಸ್ಟ್ 1ರಂದು, ಅದೇ ವಿಸ್ಕಾನ್ಸಿನ್‌ನ ರಿವರ್ ಫಾಲ್ಸ್ ಊರಿನಲ್ಲಿ ತ್ರೀ ಸ್ಕ್ವೇರ್ ಮಾರ್ಕೆಟ್ ಎಂಬ ಕಂಪನಿಯ ಹಲವು ನೌಕರರು ಚಿಪ್ ಹಾಕಿಸಿಕೊಂಡರು. ಬಾಗಿಲು ತೆರೆಯಲು, ಕಂಪ್ಯೂಟರ್‌ಗೆ ಲಾಗಿನ್ ಆಗಲು, ತಿಂಡಿ ಕೊಳ್ಳಲು. ಒಲ್ಲೆ ಅಂದವರೂ ಇದ್ದರು, ಅವರ ಕೆಲಸ ಹೋಗಲಿಲ್ಲ. ಸ್ವೀಡನ್‌ನಲ್ಲಿ ಸಾವಿರಾರು ಜನ ಇಂಥ ಚಿಪ್ ಹಾಕಿಸಿಕೊಂಡಿದ್ದಾರೆ. ಅಲ್ಲಿನ ರೈಲು ಕಂಪನಿ ಎಸ್‌ಜೆ 2017ರಲ್ಲಿ ಕೈಯ ಚಿಪ್ಪನ್ನೇ ಟಿಕೆಟ್ ಆಗಿ ಒಪ್ಪಿಕೊಂಡಿತು. ಬೇಡ ಅಂದವರು ಬೇರೆ ಬಗೆಯ ಟಿಕೆಟ್ ತೋರಿಸಿ ಅದೇ ರೈಲು ಹತ್ತಬಹುದಿತ್ತು. ಚಿಪ್ ಒಂದೇ, ಸೂಜಿ ಒಂದೇ. ಆದರೆ ಬೇಡ ಅಂದವರಿಗೂ ಅದೇ ರೈಲು, ಅದೇ ಕೆಲಸ ಸಿಗುವುದಾದರೆ ಅದನ್ನು ಕಡ್ಡಾಯ ಅನ್ನಲು ಬರುವುದಿಲ್ಲ.

ನಮ್ಮಲ್ಲಿ ಇಂಥ ಅಳವಡಿಕೆಯ ಆದೇಶ ಮನುಷ್ಯರಿಗೆ ಇಲ್ಲ. ದನಗಳಿಗೆ 12 ಅಂಕಿಗಳ ಕಿವಿಯೋಲೆ ಇದೆ, ಅದು ಪ್ಲಾಸ್ಟಿಕ್ಕಿನದು, ಕಿವಿಯಲ್ಲಿ ಎಲ್ಲರಿಗೂ ಕಾಣುವಂಥದು. ಆದರೆ ಕ್ಯಾಲಿಫೋರ್ನಿಯಾ ಎತ್ತಿದ ಷರತ್ತಿನ ಪ್ರಶ್ನೆ ನಮಗೆ ಚೆನ್ನಾಗಿ ಗೊತ್ತು. ಅದನ್ನು ಸುಪ್ರೀಂ ಕೋರ್ಟಿಗೆ ಮೊದಲು ತೆಗೆದುಕೊಂಡು ಹೋದವರಲ್ಲಿ ಒಬ್ಬರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಬೇಕಾದವರು ಮಾಡಿಸಿಕೊಳ್ಳಲಿ ಅಂತ ಶುರುವಾಗಿ, ಗ್ಯಾಸ್ ಸಬ್ಸಿಡಿಗೂ ರೇಷನ್‌ಗೂ ಅದನ್ನೇ ಕೇಳುವಂತಾದಾಗ, ಕಾರ್ಡ್ ಇಲ್ಲದ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಅಂತ ಕೋರ್ಟ್ 2013ರ ಸೆಪ್ಟೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅದೇ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮುಂದಿನ ವರ್ಷದ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಕೋರ್ಟ್ ಸರ್ಕಾರಿ ಸವಲತ್ತಿಗೆ ಆಧಾರ್ ಕೇಳುವುದನ್ನು ಒಪ್ಪಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಕಡ್ಡಾಯ ಮಾಡುವುದನ್ನು ಒಪ್ಪಲಿಲ್ಲ.

ಆ ತೀರ್ಪಿನಲ್ಲಿ ರೇಷನ್‌ನ ಭಾಗ ನನಗೆ ಇವತ್ತಿಗೂ ಸಮಾಧಾನ ಕೊಟ್ಟಿಲ್ಲ. ಸಿಮ್ ಇಲ್ಲದೆ ನಾಲ್ಕು ದಿನ ಹೇಗೋ ಕಳೆಯಬಹುದು, ಅಕ್ಕಿ ಇಲ್ಲದೆ ಆಗುವುದಿಲ್ಲ. ಬೆರಳಚ್ಚು ಸವೆದುಹೋದ ಮುದುಕಿ ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ನಿಂತಾಗ, ಒಲ್ಲೆ ಅನ್ನುವ ಮಾತಿರಲಿ, ಒಪ್ಪಿಯೂ ಅಕ್ಕಿ ಸಿಗದೆ ಹೋಗಬಹುದು.